ನೋಡೋಣ ಎನ್ನುವ ಫೋಲ್ಡರ್

ನಾನು ಈವರೆಗೆ ವಿಮಾನ ಹತ್ತಿದವಳಲ್ಲ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಹುಬ್ಬೇರಿಸುವುದು ಬೇಡ. ಆದರೆ ಸಾವಿರದ ಇನ್ನೂರು ಜೋಡಿ ಊರುಗಳ ನಡುವೆ ವಿಮಾನಕ್ಕೆ ಎಷ್ಟು ದೂರ, ಎಷ್ಟು ಹೊತ್ತು ಎಂದು ಬರೆದಿಟ್ಟವಳು ನಾನೇ. ಈ ಊರಿಂದ ಆ ಊರಿಗೆ ಎಷ್ಟು ಗಂಟೆ ಎಂದು ನೀವು ಯಾವತ್ತಾದರೂ ಫೋನಿನಲ್ಲಿ ಹುಡುಕಿದ್ದರೆ ನನ್ನದೊಂದು ಪುಟ ನಿಮ್ಮ ಕಣ್ಣಿಗೆ ಬಿದ್ದಿರುತ್ತದೆ. ಯಾರು ಬರೆದದ್ದು ಎಂದು ನೀವು ಕೇಳಿರುವುದಿಲ್ಲ. ಯಾರೂ ಕೇಳುವುದಿಲ್ಲ.

ನಮ್ಮ ಆಫೀಸು ಒಂದು ಬಣ್ಣದ ಅಂಗಡಿಯ ಮೇಲೆ, ಮೂರನೇ ಮಹಡಿಯಲ್ಲಿದೆ. ಐದು ಮೇಜು, ತೆರೆಯಲು ಬಾರದ ಒಂದು ಕಿಟಕಿ, ಮಧ್ಯಾಹ್ನವಾಗುತ್ತಲೇ ಕೆಳಗಿನಿಂದ ಏರಿಬರುವ ಟರ್ಪೆಂಟೈನ್ ವಾಸನೆ. ಕೆಲಸ ಬಹಳ ಸುಲಭ. ಎರಡು ಊರುಗಳ ವಿಮಾನ ನಿಲ್ದಾಣಗಳನ್ನು ಪಟ್ಟಿಯಿಂದ ಆರಿಸಿದರೆ ನಡುವಿನ ನೇರ ದೂರ ತಾನಾಗಿ ಬರುತ್ತದೆ. ಅದನ್ನು ಗಂಟೆಗೆ ಎಂಟುನೂರು ಕಿಲೋಮೀಟರಿನಂತೆ ಭಾಗಿಸಿ, ಏರಲಿಕ್ಕೆ ಇಳಿಯಲಿಕ್ಕೆ ಎಂದು ಇಪ್ಪತ್ತೈದು ನಿಮಿಷ ಸೇರಿಸಿದರೆ ಹಾರುವ ಹೊತ್ತು ಸಿಕ್ಕಿತು. ಅದರ ಕೆಳಗೆ ‘ಬಾಗಿಲಿಂದ ಬಾಗಿಲಿಗೆ’ ಎಂದು ಇನ್ನೊಂದು ಸಾಲು. ಮನೆಯಿಂದ ನಿಲ್ದಾಣಕ್ಕೆ ಹೋಗುವುದು, ಅಲ್ಲಿ ಕಾಯುವುದು, ಹಾರುವುದು, ಆ ಕಡೆ ಇಳಿದು ಊರೊಳಗೆ ಸೇರುವುದು, ಎಲ್ಲ ಕೂಡಿಸಿ ಒಂದೇ ಅಂಕಿ. ಈ ಸಾಲು ನಮ್ಮ ಯಜಮಾನರ ತಲೆಯಲ್ಲಿ ಹುಟ್ಟಿದ್ದು. ಬೇರೆ ಯಾರ ಪುಟದಲ್ಲೂ ಇದಿಲ್ಲ ಎಂದು ಬಂದವರಿಗೆಲ್ಲ ತೋರಿಸಿ ಹಿಗ್ಗುತ್ತಿದ್ದರು.

ಯಜಮಾನರಿಗೆ ನಾವಿಟ್ಟ ಹೆಸರು ಶುಕ್ರವಾರ. ಏನು ಕೇಳಿದರೂ ‘ಶುಕ್ರವಾರ ಮಾಡೋಣ’ ಎನ್ನುವ ಮನುಷ್ಯ. ಫ್ಯಾನು ಕೆಟ್ಟರೂ ಶುಕ್ರವಾರ, ರಜೆ ಕೇಳಿದರೂ ಶುಕ್ರವಾರ. ಓದುಗರು ಬರೆಯುವ ಪತ್ರಗಳಿಗೆಂದು ಅವರೇ ಕಂಪ್ಯೂಟರಿನಲ್ಲಿ ಒಂದು ಫೋಲ್ಡರ್ ಮಾಡಿ ಅದಕ್ಕೆ ‘ನೋಡೋಣ’ ಎಂದು ಹೆಸರಿಟ್ಟಿದ್ದರು. ನಿಮ್ಮ ಪುಟದಲ್ಲಿ ತಪ್ಪಿದೆ ಎಂದು ಯಾರೇ ಬರೆಯಲಿ, ಪತ್ರ ಅದರೊಳಗೆ ಹೋಗಬೇಕು. ಶುಕ್ರವಾರ ಕೂತು ಎಲ್ಲ ಒಟ್ಟಿಗೆ ತಿದ್ದುವುದು ಎಂದು ಮಾತು. ನನ್ನ ನಾಲ್ಕು ವರ್ಷದ ನೌಕರಿಯಲ್ಲಿ ಆ ಶುಕ್ರವಾರ ಬಂದಿಲ್ಲ. ನಮ್ಮ ಮಾತಿನಲ್ಲಿ ನೋಡೋಣ ಅಂದರೆ ಏನೆಂದು ನಿಮಗೂ ಗೊತ್ತು. ಕೆಲಸ ಕೇಳಿದರೆ, ಮನೆಗೆ ಕರೆದರೆ, ಮುಖದ ಮೇಲೆ ಇಲ್ಲ ಅನ್ನಲು ನಾಲಿಗೆ ಬಾರದವರು ನೋಡೋಣ ಅನ್ನುತ್ತಾರೆ. ಕೇಳಿದವನೂ ಅರ್ಥ ಮಾಡಿಕೊಂಡು ಎದ್ದು ಹೋಗುತ್ತಾನೆ.

ಇನ್ನು ನನ್ನ ಭಾವನ ವಿಷಯ. ಅಕ್ಕನ ಗಂಡ. ಅವರದು ಕನ್ನಡಕದ ಅಂಗಡಿ. ಗಾಜು ಉಜ್ಜುವ ಸಣ್ಣ ಚಕ್ರದ ಮುಂದೆ ಸ್ಟೂಲು ಎಳೆದುಕೊಂಡು ಕೂತರೆ ಊಟಕ್ಕೂ ಏಳುವವರಲ್ಲ. ನನ್ನ ಮೂಗಿನ ಮೇಲಿರುವ ಕನ್ನಡಕವೂ ಅವರು ಮಾಡಿದ್ದೇ. ನನ್ನ ಕೆಲಸವೆಂದರೆ ಅವರಿಗೆ ತಮಾಷೆಯೋ ತಮಾಷೆ. ‘ಏನಮ್ಮಾ ಪೈಲಟ್, ಇವತ್ತು ಎಲ್ಲೆಲ್ಲಿ ಇಳಿಸಿದೆ?’ ಎಂದು ಕೇಳದೆ ನನಗೆ ಕಾಫಿ ಕೊಟ್ಟವರಲ್ಲ. ಎರಡು ವರ್ಷದ ಹಿಂದೆ ಅವರ ಹೃದಯ ಸೋಲತೊಡಗಿತು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು, ಸಂಜೆಯಾದರೆ ಪಾದ ಊದಿ ಚಪ್ಪಲಿಗೆ ಹೋಗದು. ಔಷಧಿಯಲ್ಲಿ ಇದು ಮುಗಿಯುವುದಿಲ್ಲ, ಬೇರೆಯವರ ಹೃದಯ ಕಸಿ ಮಾಡಬೇಕು ಎಂದರು ಡಾಕ್ಟರು. ಅದನ್ನು ಮಾಡುವ ಆಸ್ಪತ್ರೆ ನಮ್ಮ ಊರಿನಲ್ಲಿಲ್ಲ. ಆಕಾಶದ ದಾರಿಯಲ್ಲಿ ಆರುನೂರ ಹನ್ನೆರಡು ಕಿಲೋಮೀಟರ್ ಆಚೆಯ ಊರಿನಲ್ಲಿದೆ. ಹಾರುವ ಹೊತ್ತು ಒಂದು ಗಂಟೆ ಹತ್ತು ನಿಮಿಷ. ಆ ಪುಟವೂ ನನ್ನದೇ.

ಪಟ್ಟಿಗೆ ಹೆಸರು ಸೇರಿಸಲು ಆಸ್ಪತ್ರೆಯವರದು ಒಂದು ಷರತ್ತು. ಮನೆ ಬಿಟ್ಟು ಆಸ್ಪತ್ರೆ ಸೇರುವುದು ನಾಲ್ಕು ಗಂಟೆಯೊಳಗೆ ಆಗಬೇಕು. ಆಗದವರು ಅದೇ ಊರಿಗೆ ಹೋಗಿ ಒಂದು ರೂಮು ಹಿಡಿದು, ಹೃದಯ ಸಿಗುವವರೆಗೆ ಅಲ್ಲೇ ಕಾಯಬೇಕು. ಇದನ್ನು ಕೇಳಿ ಭಾವ ಎಗರಿಬಿದ್ದರು. ‘ರೂಮಲ್ಲಿ ಕೂತ್ಕೊಂಡು ಯಾರು ಯಾವಾಗ ಸಾಯ್ತಾರೋ ಅಂತ ಕಾಯೋದಾ? ನನ್ನ ಕೈಲಾಗಲ್ಲ. ಹಾಗಿದ್ರೆ ಹೆಸರೇ ಕೊಡೋದು ಬೇಡ’ ಎಂದರು. ಅವರು ಒಂದು ಸಲ ಬೇಡ ಅಂದರೆ ಮುಗಿಯಿತು. ಅಕ್ಕ ಎರಡು ದಿನ ಅತ್ತಳು. ಮೂರನೇ ದಿನ ನನಗೆ ಫೋನು ಮಾಡಿದಾಗ ಅವಳ ದನಿಯೇ ಬೇರೆ.

‘ನಿನ್ನ ಪುಟ ನೋಡ್ದೆ ಕಣೇ! ಬಾಗಿಲಿಂದ ಬಾಗಿಲಿಗೆ ಮೂರು ಗಂಟೆ ಇಪ್ಪತ್ತೈದು ನಿಮಿಷ ಅಂತ ಇದೆ. ನಾಲ್ಕರ ಒಳಗೇ ಬರುತ್ತಲ್ಲೇ! ರೂಮು ಗೀಮು ಏನೂ ಬೇಡ. ಒಂದು ಪ್ರಿಂಟ್ ತೆಗೆದುಕೊಡು, ಫಾರಂ ಜೊತೆ ಇಡ್ತೀನಿ.’

ನಾನೇ ಪ್ರಿಂಟ್ ತೆಗೆದುಕೊಟ್ಟೆ. ಆಸ್ಪತ್ರೆಯ ಗುಮಾಸ್ತ ಕೊನೆಯ ಅಂಕಿ ಮಾತ್ರ ನೋಡಿ ಟಿಕ್ ಹಾಕಿ ಸೀಲು ಒತ್ತಿದನಂತೆ. ಭಾವ ಅಂಗಡಿಗೆ ಬಂದವರಿಗೆಲ್ಲ ‘ನಮ್ಮ ಪೈಲಟ್ ಇದಾಳೆ, ನಮಗೇನು ಭಯ’ ಎಂದು ಹೇಳಿಕೊಂಡು ತಿರುಗಿದರು. ಪರೀಕ್ಷೆಗಳಿಗೆಂದು ಅವರಿಬ್ಬರೂ ಆ ಊರಿಗೆ ಹೋಗಿ ಬಂದದ್ದೆಲ್ಲ ರೈಲಿನಲ್ಲಿ. ರೈಲು ನಿಲ್ದಾಣ ಆಸ್ಪತ್ರೆಯ ಬೆನ್ನಿಗೇ ಇದೆ. ಆ ಊರಿನ ವಿಮಾನ ನಿಲ್ದಾಣ ಎಲ್ಲಿದೆ ಎಂದು ನಮ್ಮ ಮನೆಯಲ್ಲಿ ಯಾರೂ ಕಣ್ಣಾರೆ ಕಂಡಿರಲಿಲ್ಲ.

ಇದಕ್ಕೆ ಎರಡು ತಿಂಗಳು ಮೊದಲೇ ಒಂದು ಪತ್ರ ಬಂದಿತ್ತು. ಅದನ್ನು ನಾನು ಮರೆತೇಬಿಟ್ಟಿದ್ದೆ. ಮರೆತಿದ್ದೆ ಎಂದರೆ ನಂಬಿ, ಇಷ್ಟು ಹೇಳುತ್ತಿರುವವಳು ಅದೊಂದರಲ್ಲಿ ಯಾಕೆ ಸುಳ್ಳು ಹೇಳಲಿ? ಪತ್ರ ಹೀಗಿತ್ತು:

‘ಮೇಡಂ ಅಥವಾ ಸರ್, ನಾನು ಇಲ್ಲಿ ಟ್ಯಾಕ್ಸಿ ಓಡಿಸೋನು. ವಿಮಾನ ನಿಲ್ದಾಣದಿಂದ ಊರಿಗೆ ಒಂಬತ್ತು ಕಿಲೋಮೀಟರ್, ಇಪ್ಪತ್ತೈದು ನಿಮಿಷ ಅಂತ ನಿಮ್ಮ ಪುಟದಲ್ಲಿದೆ. ಅದು ಹಳೇ ನಿಲ್ದಾಣ. ಮುಚ್ಚಿ ವರ್ಷ ಆಯ್ತು. ಈಗ ಆ ರನ್‌ವೇ ಮೇಲೆ ಜನ ಕಾರು ಕಲೀತಾರೆ. ನಿಮ್ಮ ಲೆಕ್ಕದ ಪ್ರಕಾರ ವಿಮಾನ ಇಳಿಸಿದ್ರೆ ಅವರ ತಲೆ ಮೇಲೇ ಇಳಿಯುತ್ತೆ. ಹೊಸ ನಿಲ್ದಾಣ ಹೊಳೆ ಆಚೆ, ಐವತ್ತೆರಡು ಕಿಲೋಮೀಟರ್. ನಡುವೆ ಇರೋದು ಒಂದೇ ಸೇತುವೆ. ಏನಿಲ್ಲ ಅಂದ್ರೂ ಒಂದೂಕಾಲು ಗಂಟೆ, ಲಾರಿ ಜಾಸ್ತಿ ಇದ್ರೆ ಒಂದೂವರೆ. ಗಿರಾಕಿಗಳು ನಿಮ್ಮ ಪುಟ ತೋರಿಸಿ, ಬೇಕಂತ ಸುತ್ತಿಸ್ತಿದ್ದೀಯ ಅಂತ ನನ್ನ ಕೊರಳಪಟ್ಟಿ ಹಿಡೀತಾರೆ. ದಯವಿಟ್ಟು ತಿದ್ದಿ.’

ನಾನು ಇದನ್ನು ಎಲ್ಲರಿಗೂ ಗಟ್ಟಿಯಾಗಿ ಓದಿ ಹೇಳಿದೆ. ರನ್‌ವೇ ಮೇಲೆ ಕಾರು ಕಲಿಯುವವರ ಮಾತಿಗೆ ಶುಕ್ರವಾರ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು, ‘ಪಾಪ, ಹಾಕು ನೋಡೋಣಕ್ಕೆ’ ಎಂದರು. ಹಾಕಿದೆ. ನಮ್ಮ ಪಟ್ಟಿಯಲ್ಲಿ ಆ ಊರಿಗೆ ಎರಡು ನಿಲ್ದಾಣಗಳಿದ್ದವು, ನಾನು ಮೊದಲಿನದನ್ನು ಒತ್ತಿದ್ದೆ ಅಷ್ಟೆ. ಎರಡನೆಯದನ್ನು ಒತ್ತಿದ್ದರೆ ಮುಗಿಯುತ್ತಿತ್ತು.

ಪ್ರಿಂಟ್ ಆಸ್ಪತ್ರೆಯ ಕಡತ ಸೇರಿ ಒಂದು ತಿಂಗಳಿಗೆ ಅದೇ ಮನುಷ್ಯನ ಎರಡನೇ ಪತ್ರ ಬಂತು.

‘ಮೇಡಂ, ಇನ್ನೂ ತಿದ್ದಿಲ್ಲ. ಮೊನ್ನೆ ಒಬ್ಬ ಹೆಂಗಸು ತೀರಿಹೋದ ಅಪ್ಪನ ಮುಖ ನೋಡೋಕೆ ಅಂತ ಬಂದಿಳಿದ್ರು. ಐದು ಗಂಟೆಗೆ ಎತ್ತುತ್ತಾರೆ, ಟೈಮಿದೆ ಅಂದ್ರು. ಫೋನಲ್ಲಿ ನಿಮ್ಮ ಪುಟವೇ ಇತ್ತು. ಸೇತುವೆ ಮೇಲೆ ಇದ್ದಾಗ ಮನೆಯವರು ಫೋನು ಮಾಡಿ ಎತ್ತಿದ್ವಿ ಅಂದ್ರು. ಆಮೇಲೆ ಅವರು ನನಗೆ ಏನೂ ಅನ್ನಲಿಲ್ಲ. ಬೈದಿದ್ರೆ ಚೆನ್ನಾಗಿತ್ತು.’

ಯಾವ ಊರು ಎಂದು ಮತ್ತೊಮ್ಮೆ ನೋಡಿದೆ. ಭಾವ ಮಾಡಿಕೊಟ್ಟ ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ಇನ್ನೊಮ್ಮೆ ನೋಡಿದೆ. ಒಂದು ಚೀಟಿಯ ಹಿಂದೆ ಲೆಕ್ಕ ಮಾಡಿದೆ. ಇಪ್ಪತ್ತೈದು ನಿಮಿಷದ ಜಾಗದಲ್ಲಿ ಒಂದು ಗಂಟೆ ಇಪ್ಪತ್ತೈದು ಹಾಕಿದರೆ ಬಾಗಿಲಿಂದ ಬಾಗಿಲಿಗೆ ನಾಲ್ಕು ಗಂಟೆ ಇಪ್ಪತ್ತೈದು. ಆಕಾಶದಲ್ಲಿ ನಾನು ತಪ್ಪಿದ್ದು ನಾಲ್ಕು ಕಿಲೋಮೀಟರ್. ನೆಲದ ಮೇಲೆ ನಲವತ್ತಮೂರು.

ಈಗ ನೀವು ಕೇಳುತ್ತೀರಿ, ತಿದ್ದಬಾರದಿತ್ತಾ ಎಂದು. ಕೇಳುವುದು ಸುಲಭ. ತಿದ್ದಿದರೆ ಅಕ್ಕನಿಗೆ ಹೇಳಬೇಕು, ಅಕ್ಕ ಆಸ್ಪತ್ರೆಗೆ ಹೇಳಬೇಕು, ಆಸ್ಪತ್ರೆಯವರು ಇಲ್ಲಿಗೆ ಬಂದು ರೂಮು ಹಿಡಿಯಿರಿ ಅನ್ನುತ್ತಾರೆ, ಭಾವ ಹೆಸರು ಕಿತ್ತುಹಾಕಿ ಅನ್ನುತ್ತಾರೆ. ಪಟ್ಟಿಯಲ್ಲಿ ಹೆಸರಿಲ್ಲದೆ ಅವರು ಎಷ್ಟು ದಿನ ಇರುತ್ತಾರೆ? ಇದು ನಾನು ನನಗೇ ಹೇಳಿಕೊಂಡ ಕಾರಣ. ಇದರ ಕೆಳಗೆ ಇನ್ನೊಂದಿತ್ತು. ಮೊದಲ ಪತ್ರ ಬಂದಾಗ ನಾನು ನಕ್ಕಿದ್ದೆ. ಅದು ಅಕ್ಕನಿಗೆ ಗೊತ್ತಾಗುವುದು ನನಗೆ ಬೇಕಿರಲಿಲ್ಲ. ನನಗೆ ಹೆದರಿಕೆಯಾಗಿತ್ತು, ನಾಚಿಕೆಯೂ ಆಗಿತ್ತು. ಎರಡನೇ ಪತ್ರವನ್ನೂ ‘ನೋಡೋಣ’ಕ್ಕೆ ಹಾಕಿದೆ. ಈ ಸಲ ಯಾರಿಗೂ ಓದಿ ಹೇಳಲಿಲ್ಲ.

ಆದರೆ ಸುಮ್ಮನಿರಲು ಆಗಲಿಲ್ಲ. ಆ ಹೊಳೆಗೆ ಎರಡನೇ ಸೇತುವೆ ಕಟ್ಟುತ್ತಿದ್ದಾರೆ ಎಂದು ಎಲ್ಲೋ ಓದಿದೆ. ಅದು ಮುಗಿದರೆ ನಲವತ್ತು ನಿಮಿಷದಲ್ಲಿ ಊರು ಸೇರಬಹುದಂತೆ. ನಲವತ್ತಾದರೆ ಒಟ್ಟು ನಾಲ್ಕು ಗಂಟೆಯ ಒಳಗೇ ಬರುತ್ತದೆ, ನನ್ನ ತಪ್ಪು ತಾನಾಗಿಯೇ ತಪ್ಪಲ್ಲವಾಗುತ್ತದೆ. ಟ್ಯಾಕ್ಸಿಯವನಿಗೆ ಒಂದು ಸಾಲು ಬರೆದೆ. ‘ನಿಮ್ಮ ಊರಿನ ಹೊಸ ಸೇತುವೆ ಯಾವಾಗ ಮುಗಿಯಬಹುದು?’ ಪುಟದ ಬಗ್ಗೆ ಒಂದಕ್ಷರ ಬರೆಯಲಿಲ್ಲ.

ಪಾಪ, ಅವನ ಖುಷಿ ನೋಡಬೇಕಿತ್ತು. ನಮ್ಮ ಕಡೆಯಿಂದ ಉತ್ತರ ಬಂದದ್ದೇ ದೊಡ್ಡದು ಎಂದು ತಿಳಿದು, ಅವತ್ತಿನಿಂದ ತಿಂಗಳಿಗೊಮ್ಮೆ ಸೇತುವೆಯ ವರದಿ ಕಳಿಸತೊಡಗಿದ. ‘ಮೇಡಂ, ಮೂರು ಕಂಬ ಎದ್ದಿದೆ.’ ‘ಮೇಡಂ, ಈ ತಿಂಗಳು ಕೆಲಸದವರು ಕಾಣ್ತಾ ಇಲ್ಲ.’ ‘ಮೇಡಂ, ಎಂಜಿನಿಯರು ಬಂದು ನೋಡ್ಕೊಂಡು ಹೋದ್ರು. ಬರೀ ನೋಡ್ಕೊಂಡು ಹೋದ್ರು.’ ಪ್ರತಿ ಪತ್ರದ ಕೊನೆಗೆ ಅವನ ಫೋನು ನಂಬರು, ‘ನಮ್ಮೂರಿಗೆ ಬಂದ್ರೆ ಒಂದು ಫೋನು ಮಾಡಿ’ ಎಂಬ ಸಾಲು. ನಾನು ನಮ್ಮದೇ ಮನೆ ಕಟ್ಟಿಸುತ್ತಿರುವ ಹಾಗೆ ಆ ಕಂಬಗಳನ್ನು ಎಣಿಸಿದೆ. ಕಂಬ ಐದಾಯಿತು. ಇನ್ನೂ ಹನ್ನೊಂದು ಬೇಕು. ಇತ್ತ ಭಾವ ಅಂಗಡಿಯಲ್ಲಿ ಸ್ಟೂಲಿಗೆ ಬೆನ್ನು ಆನಿಸಲು ಒಂದು ಹಲಗೆ ಕಟ್ಟಿಸಿಕೊಂಡರು. ಆಮೇಲೆ ನಿದ್ದೆಗೆ ಮೂರು ದಿಂಬು ಬೇಕಾಯಿತು. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಆಸ್ಪತ್ರೆಯ ಫೋನು ಬೇಗ ಬರಲಿ ಎಂದು ಅಕ್ಕ ಬೇಡಿಕೊಳ್ಳುತ್ತಿದ್ದಳು. ಇನ್ನು ಸ್ವಲ್ಪ ದಿನ ಬಾರದಿರಲಿ ಎಂದು ನಾನು.

ಬಂದದ್ದು ಒಂದು ಬುಧವಾರ, ಮಧ್ಯಾಹ್ನ ಹನ್ನೆರಡು ಗಂಟೆ ಐದು ನಿಮಿಷಕ್ಕೆ. ನಾನು ಊಟದ ಡಬ್ಬಿ ತೆರೆಯುತ್ತಿದ್ದೆ.

‘ಬಂತು ಕಣೇ! ಫೋನು ಬಂತು!’ ಅಕ್ಕ ಅಳುತ್ತಲೂ ಇದ್ದಳು, ನಗುತ್ತಲೂ ಇದ್ದಳು. ‘ಐದು ಗಂಟೆಗೆ ಬಾಗಿಲಲ್ಲಿರ್ಬೇಕಂತೆ. ಒಂದು ನಿಮಿಷ ಆಚೀಚೆ ಆದ್ರೂ ಪಟ್ಟೀಲಿ ಮುಂದಿನವರನ್ನ ಒಳಗೆ ಕರ್ಕೋತಾರಂತೆ, ಅವರು ಆಗ್ಲೇ ಬಂದು ಕೂತಿದಾರಂತೆ. ಒಂದೂ ಇಪ್ಪತ್ತಕ್ಕೆ ಒಂದು ವಿಮಾನ, ಎರಡೂ ನಲವತ್ತಕ್ಕೆ ಇನ್ನೊಂದು. ಎರಡರಲ್ಲೂ ಸೀಟಿದೆ. ಎರಡೂ ನಲವತ್ತರದ್ದು ಸಾಕು ಅಲ್ವಾ? ಮೂರೂ ಐವತ್ತಕ್ಕೆ ಇಳೀತೀವಿ, ಹೊರಗೆ ಬರೋಕೆ ಕಾಲು ಗಂಟೆ, ಇಪ್ಪತ್ತೈದು ನಿಮಿಷ ಟ್ಯಾಕ್ಸಿ. ನಾಲ್ಕೂವರೆಗೆಲ್ಲ ಆಸ್ಪತ್ರೆ. ಅರ್ಧ ಗಂಟೆ ಕೈಯಲ್ಲಿರುತ್ತೆ.’

‘ಮೊದಲಿನದಕ್ಕೇ ಹೋಗ್ಬಿಡಿ ಅಕ್ಕ. ಈಗಲೇ ಹೊರಡಿ.’

‘ಯಾಕೆ? ಇವರು ಇನ್ನೂ ಅಂಗಡೀಲಿದ್ದಾರೆ. ಓಡಿಸ್ಬೇಡಿ, ಗಾಬರಿ ಮಾಡಿಸ್ಬೇಡಿ ಅಂತ ಡಾಕ್ಟರು ನೂರು ಸಲ ಹೇಳಿದ್ದಾರೆ. ಹಾರ್ಕೊಂಡು ಹೋಗಿ ದಾರೀಲೇ ಏನಾದ್ರೂ ಆದ್ರೆ ಏನ್ ಮಾಡ್ಲಿ? ಟೈಮಿದೆಯಲ್ಲೇ, ನೀನೇ ಬರೆದಿರೋದು. ಸಾಕು ತಾನೇ? ಹೇಳೇ.’

ಒಂದೇ ಒಂದು ವಾಕ್ಯ ಹೇಳಬೇಕಿತ್ತು. ನಿಲ್ದಾಣ ಹೊಳೆಯ ಆಚೆ ಇದೆ ಅಕ್ಕ, ನಾನು ತಪ್ಪು ಬರೆದಿದ್ದೇನೆ. ಎಂಟು ತಿಂಗಳಿಂದ ನಾಲಿಗೆಯ ಕೆಳಗೆ ಇಟ್ಟುಕೊಂಡ ಮಾತು ಆ ಗಳಿಗೆಯಲ್ಲಿ ಹೊರಬರಲೇ ಇಲ್ಲ.

‘ಹೂಂ’ ಅಂದೆ.

ಅವಳು ಇಟ್ಟುಬಿಟ್ಟಳು. ನಾನು ಡಬ್ಬಿಯ ಮುಚ್ಚಳ ಹಿಡಿದುಕೊಂಡು ಗೋಡೆಯ ಗಡಿಯಾರ ನೋಡುತ್ತ ಕೂತೆ. ಎಷ್ಟು ಹೊತ್ತು ಕೂತೆ ಎಂದು ನನಗೆ ಸರಿಯಾಗಿ ಗೊತ್ತು: ಏಳು ನಿಮಿಷ. ಆಮೇಲೆ ತಿರುಗಿ ಫೋನು ಮಾಡಿದೆ. ಅಕ್ಕನದು ಎಂಗೇಜ್. ಪಾಪ, ನೆಂಟರಿಗೆಲ್ಲ ಹೇಳುತ್ತಿದ್ದಳು. ಮತ್ತೆ ಮಾಡಿದೆ, ಮತ್ತೆ ಎಂಗೇಜ್. ಹನ್ನೆರಡೂವರೆಗೆ ಭಾವ ತಮ್ಮ ಫೋನು ಎತ್ತಿದರು. ಹಿಂದೆ ಗಾಜು ಉಜ್ಜುವ ಚಕ್ರ ಗುಂಯ್ ಎನ್ನುತ್ತಿತ್ತು.

‘ಏನಮ್ಮಾ ಪೈಲಟ್! ಕೊನೆಗೂ ನಿನ್ನ ವಿಮಾನ ಹತ್ತೋ ಯೋಗ ಬಂತು ನೋಡು.’

‘ಭಾವ, ನೀವು ಇನ್ನೂ ಹೊರಟಿಲ್ವಾ?’

‘ಟೈಮಿದೆ ಅಂದ್ಲಲ್ಲ ನಿಮ್ಮಕ್ಕ. ಒಬ್ಬರ ಕನ್ನಡಕ ಅರ್ಧ ಆಗಿದೆ. ಒಂದು ಕಣ್ಣು ಕೊಟ್ಟು ಇನ್ನೊಂದು ಕೊಡದೆ ಹೋಗೋಕಾಗುತ್ತಾ? ಐದು ನಿಮಿಷ.’ ಉಸಿರಿಗಾಗಿ ನಿಂತು, ನಕ್ಕರು. ‘ವಾಪಸ್ ಬಂದ್ಮೇಲೆ ನಿಮ್ಮ ಆಫೀಸಿನ ಮೂರನೇ ಮಹಡಿಗೆ ಓಡ್ಕೊಂಡು ಹತ್ತಿ ತೋರಿಸ್ತೀನಿ ನಿನಗೆ.’

ನಮ್ಮ ಊರಿನ ನಿಲ್ದಾಣಕ್ಕೆ ಅವರ ಅಂಗಡಿಯಿಂದ ಮೂವತ್ತೈದು ನಿಮಿಷ. ಮೊದಲ ವಿಮಾನ ಆಗಲೇ ಕೈಬಿಟ್ಟಿತ್ತು. ಈಗ ಹೇಳಿದರೆ ಅವರ ಹೃದಯಕ್ಕೆ ಗಾಬರಿ ಬಿಟ್ಟು ಬೇರೇನೂ ಸಿಗುವುದಿಲ್ಲ ಅಂದುಕೊಂಡೆ. ‘ಹುಷಾರು ಭಾವ’ ಎಂದು ಇಟ್ಟೆ. ನನಗೆ ಪ್ರತಿ ಸಲವೂ ಒಂದು ಒಳ್ಳೆಯ ಕಾರಣ ಸಿಕ್ಕಿಬಿಡುತ್ತಿತ್ತು.

ಆಮೇಲೆ ‘ನೋಡೋಣ’ ತೆರೆದೆ. ಅದರಲ್ಲಿ ಮುನ್ನೂರಕ್ಕೂ ಹೆಚ್ಚು ಪತ್ರಗಳಿದ್ದವು. ಟ್ಯಾಕ್ಸಿಯವನ ನಂಬರು ಅಂಗೈ ಮೇಲೆ ಬರೆದುಕೊಂಡು ಮೆಟ್ಟಿಲ ಮೇಲೆ ಹೋಗಿ ಕೂತು ಫೋನು ಮಾಡಿದೆ. ಕೆಳಗಿನಿಂದ ಬಣ್ಣದ ವಾಸನೆ ಬರುತ್ತಿತ್ತು. ನಾನು ಯಾರೆಂದು ಹೇಳಿದಾಗ ಅವನಿಗೆ ಎಲ್ಲಿಲ್ಲದ ಸಂತೋಷ.

‘ಓಹೋ ಮೇಡಂ! ಸೇತುವೆ ಮೇಡಂ! ಬರ್ತಾ ಇದೀರಾ ನಮ್ಮೂರಿಗೆ?’

ಎಲ್ಲ ಹೇಳಿದೆ. ಅಕ್ಕನಿಗೆ ಹೇಳಲಾರದ್ದನ್ನು ಮುಖ ನೋಡದ ಒಬ್ಬ ಮನುಷ್ಯನಿಗೆ ಗಡಗಡ ಹೇಳಿಬಿಟ್ಟೆ.

‘ಆ ಪುಟ ಇನ್ನೂ ಹಾಗೇ ಇದೆಯಾ?’

‘ಹಾಗೇ ಇದೆ.’

‘ನಿಮ್ಮವರೇ ಬರೋದು ಅಂತ ಗೊತ್ತಿದ್ದೂ?’

‘ಗೊತ್ತಿದ್ದೂ. ನಿಮ್ಮ ಕೈ ಮುಗೀತೀನಿ ಅಣ್ಣಾ, ಐದು ಗಂಟೆಯೊಳಗೆ ಹೇಗಾದ್ರೂ ಮಾಡಿ ತಲುಪಿಸಿ.’

‘ನಾಲ್ಕೂ ಐದಕ್ಕೆ ಹೊರಗೆ ಬಂದ್ರೆ ಐದಕ್ಕೆ ಆಸ್ಪತ್ರೆ. ಐವತ್ತೈದು ನಿಮಿಷ.’ ಅವನು ತನಗೇ ಎಂಬಂತೆ ಹೇಳಿಕೊಂಡ. ‘ಬುಧವಾರ ಲಾರಿ ಜಾಸ್ತಿ ಮೇಡಂ. ಕನ್ನಡಕದ ಅಂಗಡಿ ಅಂತ ಬೋರ್ಡು ಹಿಡಿದು ಬಾಗಿಲಲ್ಲೇ ನಿಂತಿರ್ತೀನಿ, ಒಂದು ನಿಮಿಷ ಹಾಳು ಮಾಡಲ್ಲ. ಆದ್ರೆ ನನಗೆ ರೆಕ್ಕೆ ಇಲ್ಲ, ನಾಲ್ಕೇ ಚಕ್ರ.’

‘ಮತ್ತೆ, ಪುಟದ ವಿಷಯ ಅವರಿಗೆ...’

ಅವನು ಉತ್ತರ ಕೊಡದೆ ಫೋನು ಇಟ್ಟ. ನಾನು ಅಕ್ಕನಿಗೆ ಒಂದು ಸಂದೇಶ ಕಳಿಸಿದೆ. ನನ್ನ ಪರಿಚಯದ ಟ್ಯಾಕ್ಸಿ ಬಂದಿರುತ್ತದೆ, ‘ಕನ್ನಡಕದ ಅಂಗಡಿ’ ಎಂದು ಬರೆದ ಬೋರ್ಡು ಹಿಡಿದಿರುತ್ತಾರೆ ಎಂದು.

ಮೂರು ಗಂಟೆಗೆ, ಅವರು ಆಕಾಶದಲ್ಲಿದ್ದಾಗ, ಆ ಪುಟ ತೆರೆದು ತಿದ್ದಿದೆ. ಪಟ್ಟಿಯಲ್ಲಿ ಎರಡನೇ ನಿಲ್ದಾಣ ಒತ್ತಿದೆ. ಅಂಕಿಗಳು ತಾವಾಗಿ ಬದಲಾದವು. ಬಾಗಿಲಿಂದ ಬಾಗಿಲಿಗೆ ನಾಲ್ಕು ಗಂಟೆ ಇಪ್ಪತ್ತೈದು ನಿಮಿಷ. ಎರಡು ನಿಮಿಷದ ಕೆಲಸ. ಪಕ್ಕದ ಮೇಜಿನವಳು ಕತ್ತೆತ್ತಿಯೂ ನೋಡಲಿಲ್ಲ. ವಿಮಾನ ಮೂರೂ ಐವತ್ತಕ್ಕೆ ಸರಿಯಾಗಿ ಇಳಿಯಿತು. ಆಕಾಶದ ಲೆಕ್ಕದಲ್ಲಿ ನಾನು ಒಂದು ನಿಮಿಷವೂ ತಪ್ಪಿರಲಿಲ್ಲ.

ನಾಲ್ಕೂ ಏಳಕ್ಕೆ ಅಕ್ಕನ ಸಂದೇಶ ಬಂತು. ‘ಸಿಕ್ಕಿದ್ರು. ಹೊರಟ್ವಿ.’ ನಾಲ್ಕೂವರೆಯಾಯಿತು. ನಾಲ್ಕೂ ನಲವತ್ತಾಯಿತು. ನಾನು ಮೆಟ್ಟಿಲ ಮೇಲೆಯೇ ಕೂತಿದ್ದೆ. ನಾಲ್ಕೂ ನಲವತ್ತನಾಲ್ಕಕ್ಕೆ ಫೋನು ಬಂತು. ಎತ್ತಿದೆ.

‘ಎಂಥವನನ್ನೇ ಕಳಿಸಿದ್ದೀಯ ನೀನು?’ ಅಕ್ಕನ ಹಿಂದೆ ಹಾರನ್ನುಗಳ ಗದ್ದಲ. ‘ಇನ್ನೂ ಊರೇ ಬಂದಿಲ್ಲ! ಯಾವುದೋ ಸೇತುವೆ ಮೇಲೆ ತಂದು ನಿಲ್ಲಿಸಿದ್ದಾನೆ, ಮುಂದೆ ಹಿಂದೆ ಲಾರಿ. ಇಪ್ಪತ್ತೈದು ನಿಮಿಷ ಅಂತ ನಿನ್ನ ಪುಟದಲ್ಲಿದೆ, ಆ ಪ್ರಿಂಟಿನ ಜೆರಾಕ್ಸ್ ತೋರಿಸಿದ್ರೆ ಮಾತೇ ಆಡ್ತಿಲ್ಲ. ಸುತ್ತಿಸ್ತಿದ್ದಾನೆ ಕಣೇ, ಬೇಕಂತ ಸುತ್ತಿಸ್ತಿದ್ದಾನೆ! ರೀ, ನಿಮಗೆ ಹೆಂಡತಿ ಮಕ್ಕಳು ಇಲ್ವೇನ್ರೀ? ಇವರ ಮುಖ ನೋಡಿಯಾದ್ರೂ...’

‘ಬೈಬೇಡ್ವೇ ಅವರನ್ನ’ ಎಂದು ಭಾವನ ದನಿ ಕೇಳಿತು. ಎರಡೆರಡು ಅಕ್ಷರಕ್ಕೆ ಒಂದು ಉಸಿರು.

‘ಅಕ್ಕ’ ಅಂದೆ. ‘ಅಕ್ಕ, ಅವರದ್ದಲ್ಲ...’

ಅಷ್ಟರಲ್ಲಿ ಅವನ ದನಿ ಕೇಳಿತು. ಮಧ್ಯಾಹ್ನ ನನ್ನೊಡನೆ ಆಡಿದ ಅದೇ ದನಿ, ಆದರೆ ತಗ್ಗಿಸಿಕೊಂಡಿದ್ದ.

‘ಹೌದಮ್ಮಾ, ದಾರಿ ತಪ್ಪಿದೆ. ನನ್ನದೇ ತಪ್ಪು. ಬೈಯೋದನ್ನ ಆಮೇಲೆ ಬೈರಿ. ಈಗ ಅವರನ್ನ ಮಾತಾಡಿಸ್ಬೇಡಿ, ಆ ಕಡೆ ಕಿಟಕಿ ಇಳಿಸಿ, ಸ್ವಲ್ಪ ಗಾಳಿ ಬರ್ಲಿ.’

ಫೋನು ಕಡಿಯಿತು. ಆ ಸಾಲು ಮುಗಿಸಬಹುದಿತ್ತು. ಮತ್ತೆ ಫೋನು ಮಾಡಿ ಮುಗಿಸಬಹುದಿತ್ತು. ನಾನು ಮಾಡಲಿಲ್ಲ. ಗಡಿಯಾರ ಐದು ಹೊಡೆಯುವುದನ್ನು ಕೇಳಿದೆ. ಶುಕ್ರವಾರ ಛತ್ರಿ ಹಿಡಿದುಕೊಂಡು ಕೆಳಗಿಳಿದು ಹೋಗುತ್ತಾ, ‘ಯಾಕಮ್ಮಾ ಇಲ್ಲಿ ಕೂತಿದ್ದೀಯ, ಮನೆಗೆ ಹೋಗಲ್ವಾ?’ ಎಂದರು. ಐದೂ ಇಪ್ಪತ್ತೆರಡಕ್ಕೆ ಟ್ಯಾಕ್ಸಿಯವನಿಂದ ಒಂದೇ ಸಾಲು ಬಂತು. ‘ಈಗ ಬಿಟ್ಟೆ ಮೇಡಂ. ರಾಂಗ್ ಸೈಡಲ್ಲೂ ನುಗ್ಗಿದೆ, ಆಗಲಿಲ್ಲ.’

ಅಕ್ಕ ಫೋನು ಮಾಡಿದಾಗ ಆರೂವರೆ. ಈ ಸಲ ಕೂಗಾಟವಿಲ್ಲ. ಎಲ್ಲೋ ಉದ್ದನೆಯ ಓಣಿಯಂಥ ಜಾಗದಿಂದ ಮಾತಾಡುತ್ತಿದ್ದಳು. ಗಾಲಿ ಮಂಚ ಉರುಳುವ ಸದ್ದು ಬಂತು, ದೂರವಾಯಿತು.

‘ಐದಕ್ಕೆ ಸರಿಯಾಗಿ ಪಟ್ಟೀಲಿ ಮುಂದಿನವರನ್ನ ಒಳಗೆ ಕರ್ಕೊಂಡು ಹೋದ್ರಂತೆ. ಚಿಕ್ಕ ವಯಸ್ಸಿನವರಂತೆ. ಬದುಕಿಕೊಳ್ಳಲಿ ಬಿಡು. ಅವರ ಹೆಂಡತಿ ನನ್ನ ಎದುರಿಗೇ ಕೂತಿದಾಳೆ, ನನ್ನ ಮುಖ ನೋಡ್ತಿಲ್ಲ.’

‘ಭಾವ?’

‘ಆಕ್ಸಿಜನ್ ಹಾಕಿದ್ದಾರೆ. ಈಗ ಊರಿಗೆ ಕಳಿಸಲ್ವಂತೆ. ಗಾಬರಿಗೆ ಹೃದಯ ಇನ್ನೂ ಸೋತಿದೆ ಅಂದ್ರು.’ ಅವಳು ಮೂಗು ಒರೆಸಿಕೊಂಡಳು. ‘ಇಲ್ಲೇ ರೂಮು ಹಿಡಿದಿದ್ರೆ ಆಗ್ತಿತ್ತು ಕಣೇ. ನಾನೇ ಕಾಲು ಹಿಡಿದು ಒಪ್ಪಿಸ್ತಿದ್ದೆ ಇವರನ್ನ. ಒಪ್ತಿದ್ರು. ನಾನು ಇನ್ನೆರಡು ದಿನ ಅತ್ತಿದ್ರೆ ಇಲ್ಲ ಅಂತಿರಲಿಲ್ಲ. ಆ ಡ್ರೈವರ್‌ನ ಮಾತ್ರ ನಾನು ಸಾಯೋವರೆಗೂ ಮರೆಯಲ್ಲ.’

ಇವತ್ತಲ್ಲ ನಾಳೆ ಅವಳು ವಿಮಾನ ನಿಲ್ದಾಣಕ್ಕೆ ವಾಪಸು ಹೋಗಲೇಬೇಕು. ಅದೇ ದಾರಿ, ಅದೇ ಸೇತುವೆ, ಅಷ್ಟೇ ಹೊತ್ತು. ಆಗ ಅವಳಿಗೆ ಎಲ್ಲ ತಿಳಿಯುತ್ತದೆ. ಅದು ನನಗೆ ಗೊತ್ತಿತ್ತು, ಆದರೂ ನಾನು ಸುಮ್ಮನಿದ್ದೆ.

‘ಕೇಳಿಸ್ತಿದೆಯಾ?’ ಎಂದಳು ಅಕ್ಕ. ‘ದೊಡ್ಡ ಡಾಕ್ಟರು ಬಂದಿದ್ರು. ಇನ್ನೊಂದು ಹೃದಯ ಸಿಗೋವರೆಗೂ ಇವರು ತಡ್ಕೋತಾರಾ ಅಂತ ಕೇಳ್ದೆ. ಬಹಳ ಒಳ್ಳೆಯವರು ಕಣೇ. ನನ್ನ ಭುಜದ ಮೇಲೆ ಕೈಯಿಟ್ಟು, ನೋಡೋಣಮ್ಮಾ ಅಂದ್ರು.’

ನಾನು ಅಂಗೈ ಮೇಲಿನ ನಂಬರನ್ನು ಹೆಬ್ಬೆರಳಿನಿಂದ ಉಜ್ಜಿದೆ.

‘ನೋಡೋಣ ಅಂದ್ರೆ ಆಗುತ್ತೆ ಅಂತಲೇ ಅಲ್ವೇನೇ? ಆಗಲ್ಲ ಅನ್ನೋ ಹಾಗಿದ್ರೆ ಆಗಲ್ಲ ಅಂತಲೇ ಹೇಳ್ತಿದ್ರು. ಅಲ್ವಾ? ಹೇಳೇ.’

‘ಹೂಂ ಅಕ್ಕ’ ಅಂದೆ.